ಬ್ರಿಡ್ಜ್ ಕೋರ್ಸ್ ಫಲ ಕೊಟ್ಟಿತೇ? ದಾಖಲಾತಿ ಪುಸ್ತಕದಿಂದ ಎಣಿಸಿ

ಪ್ರಶ್ನೆ: ನಮ್ಮದು ತಾಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿ.ಎ., ಬಿ.ಕಾಂ.ಗೆ ಸೇರುವ ಮಕ್ಕಳಲ್ಲಿ ಹಲವರಿಗೆ ಇಂಗ್ಲಿಷ್ ಪಾಠ ಓದಿ ಅರ್ಥ ಮಾಡಿಕೊಳ್ಳಲು, ಶೇಕಡಾ ಲೆಕ್ಕ ಮಾಡಲು ಬರುವುದಿಲ್ಲ. ಮೂರು ವರ್ಷದಿಂದ ಎರಡು ವಾರದ ಬ್ರಿಡ್ಜ್ ಕೋರ್ಸ್ (ಪದವಿ ಪಾಠಕ್ಕೆ ಮೊದಲಿನ ತಯಾರಿ ತರಗತಿ), ಆಮೇಲೆ ಸಂಜೆ 4ಕ್ಕೆ ಪರಿಹಾರ ಬೋಧನೆ ನಡೆಸುತ್ತಿದ್ದೇವೆ. ಕಳೆದ ವರ್ಷ ಸೇರಿದವರು 240. ಜುಲೈನಲ್ಲಿ ಆರಂಭದ ಪರೀಕ್ಷೆ ಬರೆದವರು 212. 50ಕ್ಕೆ 20ಕ್ಕಿಂತ ಕಡಿಮೆ ತೆಗೆದ 96 ಮಂದಿಯನ್ನು ತರಗತಿಗೆ ಆರಿಸಿದೆವು. ಅವರ ಸರಾಸರಿ 14. ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ 38 ಮಂದಿ ಬರೆದರು, ಸರಾಸರಿ 23 ಬಂತು. ವರದಿಯಲ್ಲಿ ‘ಯಶಸ್ವಿ’ ಎಂದು ಬರೆದಿದ್ದೇವೆ. ಆದರೆ ಮೊದಲ ಸೆಮಿಸ್ಟರ್ ಫಲಿತಾಂಶ ಇದ್ದ ಹಾಗೇ ಇದೆ. ಈ ವರ್ಷ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಜವಾಬ್ದಾರಿ ನನ್ನ ಮೇಲೆ ಬಂದಿದೆ. ಕಾರ್ಯಕ್ರಮ ನಿಜವಾಗಿ ಉಪಯೋಗವಾಗಿದೆಯೇ ಎಂದು ತಿಳಿಯುವುದು ಹೇಗೆ? ಮುಂದಿನ ವರ್ಷದ ಯೋಜನೆ ಎಲ್ಲಿಂದ ಶುರು ಮಾಡಲಿ?
– ಸಹಾಯಕ ಪ್ರಾಧ್ಯಾಪಕಿ

ಉತ್ತರ: ಮೇಡಂ, ವರದಿಯಲ್ಲಿ ಯಶಸ್ವಿ ಎಂದು ಬರೆದ ಮೇಲೂ ನಿಮಗೆ ಸಮಾಧಾನ ಆಗಿಲ್ಲವಲ್ಲ, ಅದು ಒಳ್ಳೆಯದೇ ಆಯಿತು. ನಿಮ್ಮ ಅನುಮಾನಕ್ಕೆ ಕಾರಣ ನೀವೇ ಬರೆದ ಅಂಕಿಗಳಲ್ಲಿದೆ. 14 ಎನ್ನುವುದು 96 ಮಕ್ಕಳ ಸರಾಸರಿ, 23 ಎನ್ನುವುದು 38 ಮಕ್ಕಳದ್ದು. ಇವು ಎರಡು ಬೇರೆ ಬೇರೆ ಗುಂಪುಗಳು. ಒಂದನ್ನು ಇನ್ನೊಂದರಿಂದ ಕಳೆದು 9 ಅಂಕ ಏರಿತು ಎನ್ನಲು ಬರುವುದಿಲ್ಲ. ಕೊನೆಯವರೆಗೆ ಉಳಿದ ಆ 38 ಮಂದಿಯ ಜುಲೈ ಅಂಕಗಳನ್ನಷ್ಟೇ ತೆಗೆದು ಸರಾಸರಿ ಮಾಡಿ. 17 ಬಂತು ಅಂದುಕೊಳ್ಳಿ, ಆಗ ಏರಿಕೆ 6 ಆಯಿತು. ಹೀಗೇ ಬರುವ ಸಂಭವ ಹೆಚ್ಚು. ಸಂಜೆ ತರಗತಿಗೆ ತಪ್ಪದೆ ಬರುವವರು ಸಾಮಾನ್ಯವಾಗಿ ಗುಂಪಿನಲ್ಲಿ ಸ್ವಲ್ಪ ಮೇಲೆ ಇದ್ದವರು, ಇಲ್ಲವೇ ಹಟ ಹಿಡಿದು ಓದುವವರು.

ಉಳಿದ ಆ 6ರಲ್ಲೂ ಒಂದು ಪಾಲು ನಿಮ್ಮ ತರಗತಿಯದ್ದಲ್ಲ. ಒಂದೇ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂತೆಂದು ಆರಿಸಿದ ಯಾವ ಗುಂಪೇ ಆಗಲಿ, ಎರಡನೇ ಸಲ ಬರೆಸಿದರೆ ಪಾಠವೇ ಮಾಡದಿದ್ದರೂ ಸರಾಸರಿ ಒಂದಿಷ್ಟು ಏರುತ್ತದೆ. ಜುಲೈನ ಆ ದಿನ ಒಬ್ಬನಿಗೆ ಜ್ವರ ಇತ್ತು. ಒಬ್ಬಳು ತಿಂಡಿ ತಿನ್ನದೆ 40 ಕಿಲೋಮೀಟರ್ ಬಸ್ಸಿನಲ್ಲಿ ನಿಂತು ಬಂದಿದ್ದಳು. ಇನ್ನೊಬ್ಬ ಇದು ಯಾವ ಲೆಕ್ಕಕ್ಕೂ ಬಾರದ ಪರೀಕ್ಷೆ ಎಂದು ಅರ್ಧಕ್ಕೇ ಕೊಟ್ಟು ಎದ್ದುಹೋದ. ಇವರ ನಿಜವಾದ ಮಟ್ಟ 20ರ ಮೇಲೇ ಇದ್ದಿರಬಹುದು, ಕೆಟ್ಟ ದಿನದಂದು ಸಿಕ್ಕಿಬಿದ್ದರು ಅಷ್ಟೆ. ಡಿಸೆಂಬರ್‌ನಲ್ಲಿ ಅವರು ತಮ್ಮ ಮಟ್ಟಕ್ಕೆ ಮರಳಿದರೆ ಅದರ ಶ್ರೇಯಸ್ಸು ನಿಮ್ಮ ವರದಿಗೆ ಹೋಗುತ್ತದೆ. ಇದಕ್ಕೆ ಖರ್ಚಿಲ್ಲದ ಪರಿಹಾರ ಒಂದಿದೆ. ಮೊದಲ ಪರೀಕ್ಷೆಯಾದ ಹತ್ತು ದಿನಕ್ಕೆ, ಯಾವ ವಿಶೇಷ ಪಾಠವೂ ಶುರುವಾಗುವ ಮೊದಲು, ಅದೇ ಮಟ್ಟದ ಇನ್ನೊಂದು ಸಣ್ಣ ಪರೀಕ್ಷೆ ಕೊಡಿ. ಎರಡರಲ್ಲೂ ಕೆಳಗೆ ಬಂದವರನ್ನು ಆರಿಸಿ. ಏರಿಕೆಯನ್ನು ಎರಡರ ಸರಾಸರಿಯಿಂದ ಎಣಿಸಿ.

ಇನ್ನು ಉಳಿದವರ ವಿಷಯ. 240ರಲ್ಲಿ 28 ಮಂದಿ ಪರೀಕ್ಷೆಯನ್ನೇ ಬರೆದಿಲ್ಲ. ಆರಿಸಿದ 96ರಲ್ಲಿ 58 ಮಂದಿ ಡಿಸೆಂಬರ್ ಹೊತ್ತಿಗೆ ಪಟ್ಟಿಯಲ್ಲೇ ಇಲ್ಲ. ಒಟ್ಟು 86. ನಿಮ್ಮ ವರದಿ ಈ 86 ಮಕ್ಕಳ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಮೊದಲ ಸೆಮಿಸ್ಟರ್ ಫಲಿತಾಂಶ ಯಾಕೆ ಅಲ್ಲಾಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇವರ ಹತ್ತಿರವೇ ಇದೆ ಎಂದು ನನ್ನ ನಂಬಿಕೆ.

ಆ 28 ಮಂದಿ ಯಾರು ಎಂದು ಪ್ರವೇಶ ದಿನಾಂಕ ತೆಗೆದು ನೋಡಿ. 2024ರಲ್ಲಿ ದ್ವಿತೀಯ ಪಿಯುಸಿಗೆ ಪರೀಕ್ಷೆ–1, 2, 3 ಎಂದು ಮೂರು ಅವಕಾಶಗಳು ಬಂದವು. ಮೊದಲನೆಯದರಲ್ಲಿ ಅಲ್ಲದೆ ಆಮೇಲಿನದರಲ್ಲಿ ಪಾಸಾದವರು ನಮ್ಮಲ್ಲಿಗೆ ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಬ್ರಿಡ್ಜ್ ಕೋರ್ಸ್ ಮುಗಿದಿರುತ್ತದೆ, ಆರಂಭದ ಪರೀಕ್ಷೆಯೂ ಆಗಿರುತ್ತದೆ. ಎಲ್ಲರಿಗಿಂತ ಹೆಚ್ಚು ಸಹಾಯ ಬೇಕಾದವರೇ ಹೊರಗುಳಿಯುವ ಹಾಗೆ ಕ್ಯಾಲೆಂಡರ್ ಮಾಡಿಕೊಂಡಿದ್ದೇವೆ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಎಣಿಕೆ 212ರಿಂದ ಶುರುವಾದರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದೇ ಇಲ್ಲ.

ಆ 58 ಮಂದಿಯ ಸಂಗತಿ ತಿಳಿಯಲು ಫೋನ್ ಮಾಡಬೇಕು. ಎಲ್ಲರಿಗೂ ಬೇಡ, ಹದಿನೈದು ಮಂದಿ ಸಾಕು. ‘ಯಾಕೆ ಬರಲಿಲ್ಲ’ ಎಂದು ಕೇಳಬೇಡಿ, ಮಕ್ಕಳು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಏನೋ ಒಂದು ಹೇಳಿ ಮುಗಿಸುತ್ತಾರೆ. ‘ಸಂಜೆ ಕ್ಲಾಸ್ ಇದ್ದಾಗ 4 ಗಂಟೆಗೆ ಎಲ್ಲಿರುತ್ತಿದ್ದೆ?’ ಎಂದು ಕೇಳಿ. ಹಿಂದೆ ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ನಾವೂ ಸಂಜೆ ತರಗತಿ ಇಟ್ಟಿದ್ದೆವು. ಮಕ್ಕಳಿಗೆ ಆಸಕ್ತಿ ಇಲ್ಲ ಎಂದು ಎರಡು ವರ್ಷ ಸ್ಟಾಫ್ ಮೀಟಿಂಗಿನಲ್ಲಿ ಮಾತಾಡಿದ್ದೆವು. ಕೊನೆಗೊಂದು ದಿನ ಒಬ್ಬಳನ್ನು ನಿಲ್ಲಿಸಿ ಕೇಳಿದೆ. ‘ಸರ್, 4.20ರ ಬಸ್ ಬಿಟ್ರೆ ಆಮೇಲೆ ಇರೋದು 6.40ಕ್ಕೆ. ಕತ್ಲಾದ್ಮೇಲೆ ಮನೆಗೆ ಹೋದ್ರೆ ಕಾಲೇಜೇ ಬಿಡಿಸ್ತಾರೆ’ ಅಂದಳು. ಅವತ್ತೇ ಹಾಜರಿ ಪುಸ್ತಕ ತೆಗೆದು ಊರಿನ ಪ್ರಕಾರ ಗುರುತು ಹಾಕಿದೆ. ಬಿಟ್ಟುಹೋದವರಲ್ಲಿ ಮುಕ್ಕಾಲು ಪಾಲು ಆ ಒಂದೇ ದಾರಿಯ ಮಕ್ಕಳು. ಆ ಹುಡುಗಿ ಹೇಳುವ ತನಕ ನಮಗೆ ಹೊಳೆಯಲಿಲ್ಲವಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಹಣದ ಚಿಂತೆ ಕಳೆದಿದೆ, ಬಸ್ಸಿನ ವೇಳೆಯ ಚಿಂತೆ ಇದ್ದೇ ಇದೆ. ಗಂಡುಮಕ್ಕಳಲ್ಲಿ ಕೆಲವರು ಆ ಹೊತ್ತಿಗೆ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಇರುತ್ತಾರೆ. ನಿಮ್ಮಲ್ಲಿ ಕಾರಣ ಬೇರೆಯೇ ಇರಬಹುದು. ಅದನ್ನು ಮಕ್ಕಳ ಬಾಯಿಂದಲೇ ಕೇಳಬೇಕು.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ಶೇಕಡಾ ಹಾಕುವಾಗ ಕೆಳಗೆ ಬರೆಯುವ ಸಂಖ್ಯೆ ಯಾವಾಗಲೂ ದಾಖಲಾತಿ ಪುಸ್ತಕದ 240 ಆಗಿರಲಿ. ಎಷ್ಟು ಮಂದಿ ತರಗತಿಗೆ ಬಂದರು, ಬಂದವರಲ್ಲಿ ಎಷ್ಟು ಮಂದಿ ಸುಧಾರಿಸಿದರು ಎನ್ನುವುದು ಆಮೇಲಿನ ಮಾತು. ಸೇರಿದ 240ರಲ್ಲಿ ಎಷ್ಟು ಮಂದಿ ಮೊದಲ ವರ್ಷದೊಳಗೆ ಇಂಗ್ಲಿಷ್ ಪತ್ರಿಕೆಯನ್ನೂ ಲೆಕ್ಕಶಾಸ್ತ್ರದಂಥ ಪತ್ರಿಕೆಯನ್ನೂ ಪಾಸು ಮಾಡಿದರು? ಕಾರ್ಯಕ್ರಮದ ಹಣೆಬರಹ ನಿರ್ಧಾರವಾಗಬೇಕಾದದ್ದು ಈ ಪ್ರಶ್ನೆಯಲ್ಲಿ.

ಇದನ್ನು ಬಹಳ ದೊಡ್ಡ ಪ್ರಮಾಣದಲ್ಲಿ, ಬಹಳ ಬೆಲೆ ತೆತ್ತು ಕಲಿತದ್ದು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿನ ಕಮ್ಯುನಿಟಿ ಕಾಲೇಜುಗಳು ಒಂದು ರೀತಿಯಲ್ಲಿ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಹಾಗೆ, ಬಂದವರಿಗೆಲ್ಲ ಬಾಗಿಲು ತೆರೆದಿರುತ್ತದೆ. ಅಲ್ಲೂ ಓದು, ಬರಹ, ಲೆಕ್ಕದಲ್ಲಿ ಹಿಂದುಳಿದು ಬರುವವರು ಅಪಾರ. 2007ರಲ್ಲಿ ಆ ರಾಜ್ಯ ಮೂಲ ಕೌಶಲ್ಯ ಬೋಧನೆ ಬಗ್ಗೆ ಒಂದು ದೊಡ್ಡ ಪರಿಶೀಲನೆ ಹೊರತಂದು, ಪರಿಣಾಮಕಾರಿ ಎಂದು ಕಂಡ 26 ಕ್ರಮಗಳನ್ನು ಪಟ್ಟಿ ಮಾಡಿತು. ಆಡಳಿತ, ಕಾರ್ಯಕ್ರಮದ ಅಂಗಗಳು, ಅಧ್ಯಾಪಕರ ತರಬೇತಿ, ಬೋಧನಾ ವಿಧಾನ ಎಂದು ನಾಲ್ಕು ಗುಂಪು. ಕಾಲೇಜುಗಳು ಈ ಪಟ್ಟಿ ಮುಂದಿಟ್ಟುಕೊಂಡು ತಮ್ಮನ್ನು ತಾವೇ ಅಳೆದುಕೊಂಡು ವರ್ಷದ ಕ್ರಿಯಾ ಯೋಜನೆ ಬರೆಯಬೇಕಿತ್ತು.

ಒಳ್ಳೆಯ ಕೆಲಸವೇ. ಆದರೂ ಮೂಲದಲ್ಲಿದ್ದ ಒಂದು ತೊಡಕು ಹಾಗೇ ಉಳಿಯಿತು. ಸೇರುವಾಗ ಮಟ್ಟ ಅಳೆಯುವ ಪರೀಕ್ಷೆಯಲ್ಲಿ ಕಡಿಮೆ ಬಂದವರನ್ನು ಪದವಿ ಮಟ್ಟದ ಗಣಿತಕ್ಕಿಂತ ಎರಡು, ಮೂರು, ಕೆಲವೊಮ್ಮೆ ನಾಲ್ಕು ಮೆಟ್ಟಿಲು ಕೆಳಗೆ ಕೂರಿಸುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಒಂದು ಸೆಮಿಸ್ಟರ್. ಈಗ ನೀವೇ ಒಂದು ಲೆಕ್ಕ ಹಾಕಿ ನೋಡಿ. ಮೂರು ಮೆಟ್ಟಿಲು ಕೆಳಗೆ 100 ಮಂದಿ ಶುರು ಮಾಡಿದರು. ಪ್ರತಿ ತರಗತಿಯಲ್ಲೂ ಶೇ 70 ಪಾಸು, ಪಾಸಾದವರಲ್ಲಿ ಶೇ 80 ಮಂದಿ ಮುಂದಿನ ಮೆಟ್ಟಿಲಿಗೆ ಹೆಸರು ನೋಂದಾಯಿಸುತ್ತಾರೆ ಎಂದುಕೊಳ್ಳೋಣ. ಮೊದಲ ಮೆಟ್ಟಿಲಲ್ಲಿ 70 ಪಾಸು, ಮುಂದಕ್ಕೆ 56. ಅಲ್ಲಿ 39 ಪಾಸು, ಮುಂದಕ್ಕೆ 31. ಅಲ್ಲಿ 22 ಪಾಸು, ಮುಂದಕ್ಕೆ 18. ಪದವಿ ಮಟ್ಟದ ಪತ್ರಿಕೆ ಪಾಸಾಗುವವರು 12. ಪ್ರತಿಯೊಬ್ಬ ಮೇಷ್ಟರೂ ‘ನನ್ನ ಕ್ಲಾಸಲ್ಲಿ ನೂರಕ್ಕೆ ಎಪ್ಪತ್ತು’ ಎಂದು ನಿಜವನ್ನೇ ಹೇಳುತ್ತಾರೆ. ಆದರೆ ಹೊರಟ ನೂರರಲ್ಲಿ 88 ಮಂದಿ ದಾರಿಯಲ್ಲೇ ಉಳಿದಿರುತ್ತಾರೆ.

ಹೀಗೆ ಮೊದಲಿನಿಂದ ಎಣಿಸಲು ಶುರು ಮಾಡಿದ ಮೇಲೆಯೇ ಅಲ್ಲಿ ಬದಲಾವಣೆ ಬಂದದ್ದು. 2017ರಲ್ಲಿ ಎಬಿ 705 ಎಂಬ ಕಾಯ್ದೆ ಆಯಿತು. ಹೈಸ್ಕೂಲಿನ ಅಂಕಗಳನ್ನು ನೋಡಿ, ಒಂದೇ ವರ್ಷದೊಳಗೆ ಪದವಿ ಮಟ್ಟದ ಇಂಗ್ಲಿಷ್ ಮತ್ತು ಗಣಿತ ಮುಗಿಸುವ ಸಾಧ್ಯತೆ ಹೆಚ್ಚಾಗುವಂತೆ ವಿದ್ಯಾರ್ಥಿಯನ್ನು ಕೂರಿಸಬೇಕು ಎಂದು ಅದು ಹೇಳಿತು. 2019ರ ಹೊತ್ತಿಗೆ ಬಹುಪಾಲು ಮಕ್ಕಳು ನೇರವಾಗಿ ಪದವಿ ಮಟ್ಟದ ತರಗತಿಗೇ ಸೇರಿದರು. ಬೇಕಾದವರಿಗೆ ಅದೇ ಪತ್ರಿಕೆಗೆ ಅಂಟಿಕೊಂಡ ಹಾಗೆ ಹೆಚ್ಚುವರಿ ಗಂಟೆಗಳ ಪಾಠ. ಎಷ್ಟೋ ತರಗತಿಗಳಲ್ಲಿ ಪಾಸಿನ ಶೇಕಡಾ ಇಳಿಯಿತು, ಆದರೂ ಒಂದು ವರ್ಷದೊಳಗೆ ಪತ್ರಿಕೆ ಮುಗಿಸಿದವರ ಪ್ರಮಾಣ ಮೊದಲಿಗಿಂತ ಬಹಳ ಏರಿತು. ತೀರಾ ಹಿಂದೆ ಉಳಿದವರು, ಬಹಳ ವರ್ಷದ ಮೇಲೆ ಓದಿಗೆ ಮರಳಿದ ವಯಸ್ಕರು ಇದರಲ್ಲಿ ಕಷ್ಟಪಡುತ್ತಾರೆ ಎಂದು ಅಲ್ಲಿನ ಅಧ್ಯಾಪಕರಲ್ಲಿ ಹಲವರು ವಾದಿಸುತ್ತಾರೆ. ಆ ವಾದ ತಳ್ಳಿಹಾಕುವಂಥದ್ದಲ್ಲ. ಹೆಚ್ಚುವರಿ ಗಂಟೆ ಕೊಡದೆ ನೇರ ಕೂರಿಸಿದರೆ ಅದು ನೀರಿಗೆ ತಳ್ಳಿದ ಹಾಗೆ.

ನಮ್ಮಲ್ಲಿ ಮೆಟ್ಟಿಲುಗಳಿಲ್ಲ. ಸೇರಿದ ದಿನವೇ ಎಲ್ಲರೂ ಪದವಿ ಪತ್ರಿಕೆಗೇ ಕೂರುತ್ತಾರೆ. ಆ ಮಟ್ಟಿಗೆ ಕ್ಯಾಲಿಫೋರ್ನಿಯಾ ಹನ್ನೆರಡು ವರ್ಷ ಸುತ್ತಿ ಬಂದ ಜಾಗದಲ್ಲಿ ನಾವು ಮೊದಲಿನಿಂದಲೂ ಇದ್ದೇವೆ. ಕೊರತೆ ಇರುವುದು ಆ ಅಂಟಿಕೊಂಡ ಗಂಟೆಯಲ್ಲಿ. ನಮ್ಮ ಬ್ರಿಡ್ಜ್ ಕೋರ್ಸು ಪತ್ರಿಕೆಗಿಂತ ಮೊದಲೇ ಮುಗಿದುಹೋಗುತ್ತದೆ, ಪರಿಹಾರ ಬೋಧನೆ ಪತ್ರಿಕೆಯಿಂದ ಹೊರಗೆ ಬೇರೆ ಪುಸ್ತಕ ಹಿಡಿದು ನಡೆಯುತ್ತದೆ. ಜುಲೈನಲ್ಲಿ ಕಲಿಸಿದ ‘ಸರಳ ವಾಕ್ಯ, ಸಂಯುಕ್ತ ವಾಕ್ಯ’ ನವೆಂಬರಿನ ಪ್ರಶ್ನೆಪತ್ರಿಕೆಯಲ್ಲಿ ಮಗುವಿನ ಕೈಗೆ ಸಿಗುವುದಿಲ್ಲ.

ಪರಿಹಾರ ಬೋಧನೆ ಹೀಗೆ ಪತ್ರಿಕೆಯಿಂದ ದೂರ ಉಳಿಯಲು ಒಂದು ಕಾರಣ ಇದೆ. ಕಾಲೇಜುಗಳ ಮೌಲ್ಯಮಾಪನ ಮಾಡಿ ಮಾನ್ಯತೆ ಕೊಡುವ ನ್ಯಾಕ್‌ನ ಎರಡನೇ ಮಾನದಂಡದಲ್ಲಿ, ಕಾಲೇಜು ಮಕ್ಕಳ ಕಲಿಕಾ ಮಟ್ಟ ಅಳೆದು ನಿಧಾನ ಕಲಿಕೆಯವರಿಗೆ, ಮುಂದುವರಿದವರಿಗೆ ವಿಶೇಷ ಕಾರ್ಯಕ್ರಮ ಮಾಡುತ್ತದೆಯೇ ಎಂಬ ಪ್ರಶ್ನೆ ಇರುತ್ತಿತ್ತು. ಪ್ರಶ್ನೆ ಸರಿಯಾದದ್ದೇ. ಆದರೆ ಹಲವು ಕಡೆ ಕಾರ್ಯಕ್ರಮ ಹುಟ್ಟಿದ್ದೇ ಆ ಉತ್ತರ ತುಂಬುವುದಕ್ಕೆ. ಆದ್ದರಿಂದ ಫೈಲಿನಲ್ಲಿ ಬ್ಯಾನರ್ ಕಾಣುವ ಫೋಟೋ, ಸಹಿ ಇರುವ ಹಾಜರಿ, ಒಂದು ಪುಟದ ವರದಿ ಇರುತ್ತದೆ. ಮಗುವಿನ ಉತ್ತರ ಪತ್ರಿಕೆ ಇರುವುದಿಲ್ಲ. ದಯವಿಟ್ಟು ನೀವು ಉತ್ತರ ಪತ್ರಿಕೆಗಳನ್ನು ಎತ್ತಿಡಿ. ನನ್ನ ಅನುಭವದಲ್ಲಿ ಅವುಗಳಿಗಿಂತ ದೊಡ್ಡ ದಾಖಲೆ ಇಲ್ಲ.

ಯಾಕೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಬಿ.ಕಾಂ. ಮಕ್ಕಳಿಗೆ ನಾನು ತಪ್ಪದೆ ಕೊಡುತ್ತಿದ್ದ ಲೆಕ್ಕ: ‘ಶೇ 18 ಜಿಎಸ್‌ಟಿ ಸೇರಿ ಒಂದು ಮಿಕ್ಸಿಯ ಬಿಲ್ ₹1,180 ಆಗಿದೆ. ತೆರಿಗೆ ಸೇರುವ ಮೊದಲು ಬೆಲೆ ಎಷ್ಟು?’ ಉತ್ತರ ₹1,000. ಒಬ್ಬ 1,180ರಲ್ಲಿ 18 ಕಳೆದು 1,162 ಬರೆಯುತ್ತಾನೆ. ಇನ್ನೊಬ್ಬಳು 1,180ಕ್ಕೆ ಶೇ 18 ಎಷ್ಟು ಎಂದು ಸರಿಯಾಗಿ ಗುಣಿಸಿ, 212.40 ಕಳೆದು, 967.60 ಬರೆಯುತ್ತಾಳೆ. ಮೂರನೆಯವನು ಖಾಲಿ ಬಿಟ್ಟಿದ್ದಾನೆ. ಮೂವರಿಗೂ ಸೊನ್ನೆ. ನಿಮ್ಮ ಪಟ್ಟಿಯಲ್ಲಿ ಮೂವರೂ ‘ನಿಧಾನ ಕಲಿಕೆಯವರು’, ಮೂವರಿಗೂ ಒಂದೇ ಪಾಠ. ಮೊದಲನೆಯವನಿಗೆ ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂಬುದೇ ಗೊತ್ತಿಲ್ಲ, ಅವನ ಜೊತೆ ಎರಡು ವಾರ ಕೂರಬೇಕು. ಎರಡನೆಯವಳಿಗೆ ಶೇಕಡಾ ಬರುತ್ತದೆ, ಯಾವ ಮೊತ್ತದ ಮೇಲೆ ಹಾಕಿದ್ದು ಎನ್ನುವಲ್ಲಿ ಎಡವಿದ್ದಾಳೆ. ಅರ್ಧ ಗಂಟೆಯಲ್ಲಿ, ಒಂದು ಅಂಗಡಿ ಬಿಲ್ ಮುಂದಿಟ್ಟು ಬಗೆಹರಿಸಬಹುದು. ಖಾಲಿ ಬಿಟ್ಟವನನ್ನು ಕರೆದು ಅದೇ ಲೆಕ್ಕವನ್ನು ಬಾಯಲ್ಲಿ ಕೇಳಿ. ನನ್ನ ಬಳಿ ಅಂಥ ಒಬ್ಬ ಹುಡುಗ ಕಾಗದ ಮುಟ್ಟದೆ ‘ಸಾವ್ರ ಸರ್’ ಅಂದಿದ್ದ. ಅವನ ತಂದೆಗೆ ಪಾತ್ರೆ ಅಂಗಡಿ ಇತ್ತು. ಲೆಕ್ಕವನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದೆ, ಅವನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಹಾಗಾಗಿ ಆರಂಭದ ಪರೀಕ್ಷೆಯಲ್ಲಿ ಒಂದು ಬದಲಾವಣೆ ಮಾಡಿಕೊಳ್ಳಿ. ನಾಲ್ಕೈದು ಪ್ರಶ್ನೆಗಳನ್ನು ಕನ್ನಡದಲ್ಲೂ, ಅಷ್ಟೇ ಕಷ್ಟದ ಬೇರೆ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೂ ಇಡಿ. ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ತಪ್ಪು ಮಾಡಿದವರು ಒಂದು ಗುಂಪು. ಎರಡರಲ್ಲೂ ತಪ್ಪಿದವರು ಇನ್ನೊಂದು. ನಿಮ್ಮ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶ ಇದ್ದರೆ ಮೊದಲ ಗುಂಪಿನ ಅರ್ಧ ತೊಂದರೆ ಪ್ರಶ್ನೆ ಓದುವುದನ್ನು ಕಲಿಸಿದರೇ ಮುಗಿಯುತ್ತದೆ. ಎರಡನೇ ಗುಂಪು ದೊಡ್ಡದಿದ್ದರೆ ಗಾಬರಿಯಾಗಬೇಡಿ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆ 2023ರಲ್ಲಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ನೋಡಿತ್ತು. ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದವರು ಅರ್ಧಕ್ಕಿಂತ ಕಡಿಮೆ. ಸುಮಾರು ಕಾಲು ಭಾಗ ಮಂದಿಗೆ ತಮ್ಮ ಭಾಷೆಯಲ್ಲೇ ಎರಡನೇ ತರಗತಿಯ ಪಠ್ಯ ಸರಾಗವಾಗಿ ಓದಲು ಬರಲಿಲ್ಲ. ಆ ಮಕ್ಕಳಲ್ಲಿ ಒಂದು ಪಾಲು ಈಗ ನಮ್ಮ ಬೆಂಚುಗಳ ಮೇಲೆ ಕೂತಿದ್ದಾರೆ.

ಕಾರ್ಯಕ್ರಮದಿಂದ ಉಪಯೋಗ ಆಯಿತೇ ಎಂಬುದಕ್ಕೆ ನಿಮ್ಮಲ್ಲಿರುವ ಹಳೆಯ ಅಂಕಿಗಳಿಂದಲೇ ಒಂದು ಉತ್ತರ ತೆಗೆಯಬಹುದು. 20ರ ಗೆರೆಯ ಆಚೀಚೆ ಇರುವವರನ್ನು ನೋಡಿ. 17ರಿಂದ 19 ತೆಗೆದು ತರಗತಿಗೆ ಆಯ್ಕೆಯಾದವರು, 20ರಿಂದ 22 ತೆಗೆದು ಆಯ್ಕೆಯಾಗದವರು. ಈ ಇಬ್ಬರ ನಡುವೆ ಜಾಣತನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಮೊದಲ ಗುಂಪು ಎರಡನೆಯದಕ್ಕಿಂತ ಹೆಚ್ಚು ಪಾಸಾಗಿದ್ದರೆ ತರಗತಿ ಕೆಲಸ ಮಾಡಿದೆ ಎನ್ನಲು ಆಧಾರ ಸಿಕ್ಕಿತು. ಇಲ್ಲಿ ಎರಡು ಎಚ್ಚರ ಬೇಕು. ಆಯ್ಕೆಯಾದವರನ್ನೆಲ್ಲ ಎಣಿಸಿ, ಬಂದವರನ್ನು ಮಾತ್ರ ಎಣಿಸಿದರೆ ಮತ್ತೆ ಹಳೆಯ ತಪ್ಪಿಗೇ ಬರುತ್ತೀರಿ. ಮತ್ತೆ, ಮೂರೂ ವರ್ಷ ಒಟ್ಟು ಮಾಡಿ ನೋಡಿ. ಒಂದು ವರ್ಷದಲ್ಲಿ ಗೆರೆಯ ಆಚೀಚೆ ಇಪ್ಪತ್ತಿಪ್ಪತ್ತು ಮಂದಿ ಸಿಗಬಹುದು, ಒಬ್ಬ ಪಾಸಾದರೆ ಶೇ 5 ಏರುತ್ತದೆ. ಅಷ್ಟಕ್ಕೆ ಕುಣಿಯಲೂ ಬಾರದು, ಕುಗ್ಗಲೂ ಬಾರದು.

ಈಗ ಯೋಜನೆ. ಎಲ್ಲ ಕೌಶಲ್ಯ, ಎಲ್ಲ ವಿಷಯ ಎಂದು ಬರೆಯಬೇಡಿ. ಮೊದಲ ಸೆಮಿಸ್ಟರಿನಲ್ಲಿ ಅತಿ ಹೆಚ್ಚು ಮಂದಿ ಬಾಕಿ ಉಳಿಸಿಕೊಳ್ಳುವ ಎರಡು ಪತ್ರಿಕೆ ಯಾವುವು? ಯುಯುಸಿಎಂಎಸ್ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಫಲಿತಾಂಶದಲ್ಲಿ ಅರ್ಧ ದಿನ ಕೂತರೆ ಗೊತ್ತಾಗುತ್ತದೆ. ಬಿ.ಕಾಂ.ನಲ್ಲಿ ಹಣಕಾಸು ಲೆಕ್ಕಶಾಸ್ತ್ರ, ಎಲ್ಲರಿಗೂ ಇಂಗ್ಲಿಷ್ ಎಂದು ನನ್ನ ಊಹೆ. ಆ ಎರಡಕ್ಕೆ ಮಾತ್ರ, ವಾರಕ್ಕೆ ತಲಾ ಎರಡು ಗಂಟೆ, ಟೈಮ್‌ಟೇಬಲ್ಲಿನ ಒಳಗೆ, ಬೆಳಗ್ಗೆ ಅಥವಾ ಮಧ್ಯಾಹ್ನ ಊಟಕ್ಕೆ ಮೊದಲು. ಆ ಗಂಟೆಯ ಪಾಠ ಆ ವಾರದ ಪಾಠಕ್ಕೇ ಸೇರಿದ್ದಾಗಿರಲಿ: ಸವಕಳಿ ಪಾಠ ನಡೆಯುವ ವಾರ ಶೇಕಡಾ, ಪಾಲುದಾರಿಕೆ ಬಂದಾಗ ಅನುಪಾತ. ಸೆಪ್ಟೆಂಬರಿನಲ್ಲಿ ಸೇರಿದವನೂ ಬಂದು ಕೂರುವ ಹಾಗಿರಲಿ. ‘ನಿಧಾನ ಕಲಿಕೆಯವರ ತರಗತಿ’ ಎಂಬ ಬೋರ್ಡು ಬೇಡವೇ ಬೇಡ. ‘ಅಕೌಂಟ್ಸ್ ಅಭ್ಯಾಸ’ ಎಂದರೆ ಸಾಕು. ಹದಿನೆಂಟು ವರ್ಷದ ಮಗುವಿಗೆ ಆ ಹೆಸರಿನ ಕೋಣೆಗೆ ಹೋಗಲು ಎಷ್ಟು ಅವಮಾನ ಆಗುತ್ತದೆ ಎನ್ನುವುದನ್ನು ನಾವು ಮರೆಯುತ್ತೇವೆ.

ಕಷ್ಟದ ಮಾತು ಒಂದಿದೆ. ಈ ಗಂಟೆ ಯಾರ ವರ್ಕ್‌ಲೋಡಿನಲ್ಲಿ ಸೇರುತ್ತದೆ? ಸೇರದಿದ್ದರೆ ಅದು ಅತಿಥಿ ಉಪನ್ಯಾಸಕರ ತಲೆಗೆ ಬರುತ್ತದೆ. ಅವರ ನೇಮಕವೇ ಎಷ್ಟೋ ಸಲ ತರಗತಿ ಶುರುವಾಗಿ ವಾರಗಳಾದ ಮೇಲೆ ಆಗುತ್ತದೆ. ಗಂಟೆಗೆ ಲೆಕ್ಕ ಹಾಕಿ ದುಡಿಸಿಕೊಂಡು, ಲೆಕ್ಕಕ್ಕೆ ಸಿಗದ ಗಂಟೆಯನ್ನೂ ಅವರಿಂದಲೇ ಬಯಸುವುದು ನ್ಯಾಯವಲ್ಲ, ಹಾಗೆ ನಡೆಸಿದ ಕಾರ್ಯಕ್ರಮ ಎರಡನೇ ವರ್ಷಕ್ಕೆ ನಿಲ್ಲುತ್ತದೆ. ಪ್ರಾಂಶುಪಾಲರ ಜೊತೆ ಕೂತು ಮೊದಲು ಇದನ್ನೇ ತೀರ್ಮಾನಿಸಿ, ಬರಹದಲ್ಲಿ ಪಡೆಯಿರಿ. ನಾಲ್ಕು ಗಂಟೆ ಸಿಗದಿದ್ದರೆ ಎರಡಕ್ಕೆ ಇಳಿಸಿ, ಒಂದೇ ಪತ್ರಿಕೆ ಹಿಡಿಯಿರಿ.

ಯೋಜನೆ ಒಂದೇ ಹಾಳೆಯಲ್ಲಿರಲಿ. ಮೇಲುಗಡೆ ಕಳೆದ ವರ್ಷದ ಸಾಲು: ಸೇರಿದವರು 240, ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ) ಬರೆದವರು ಇಷ್ಟು, ಸೆಮಿಸ್ಟರ್ ಪರೀಕ್ಷೆಗೆ ಕೂತವರು ಇಷ್ಟು, ಲೆಕ್ಕಶಾಸ್ತ್ರ ಪಾಸು ಇಷ್ಟು, ಇಂಗ್ಲಿಷ್ ಪಾಸು ಇಷ್ಟು, ಎರಡನೇ ವರ್ಷಕ್ಕೆ ಶುಲ್ಕ ಕಟ್ಟಿದವರು ಇಷ್ಟು. ಅದರ ಕೆಳಗೆ ಅದೇ ಕೋಷ್ಟಕ ಖಾಲಿ, ಈ ವರ್ಷಕ್ಕೆ. ಕೋಷ್ಟಕದ ಪ್ರತಿ ಚೌಕದ ಕೆಳಗೂ ಅದನ್ನು ತುಂಬುವವರ ಹೆಸರು, ತುಂಬುವ ತಾರೀಕು. ಬಿ.ಎ., ಬಿ.ಕಾಂ. ಬೇರೆ ಬೇರೆ ಸಾಲು ಮಾಡಿ, ಕನ್ನಡ ಮಾಧ್ಯಮದಿಂದ ಬಂದವರದ್ದು ಇನ್ನೊಂದು. ಮೊದಲ ಇಂಟರ್ನಲ್ಸ್ ಆದ ವಾರವೇ ಈ ಹಾಳೆ ಸ್ಟಾಫ್ ಮೀಟಿಂಗಿಗೆ ಬರಬೇಕು. ಆಗ ಕಾಣೆಯಾದವರನ್ನು ಇನ್ನೂ ಹುಡುಕಬಹುದು. ಡಿಸೆಂಬರಿಗೆ ಬಂದರೆ ಎಣಿಸುವುದಷ್ಟೇ ಉಳಿಯುತ್ತದೆ.

ಹೊಸ ಪ್ರವೇಶ ಶುರುವಾಗುವ ಮೊದಲೇ ಆ 58 ಮಂದಿಯಲ್ಲಿ ಹದಿನೈದು ಜನಕ್ಕೆ ಫೋನ್ ಮಾಡಿಬಿಡಿ. ಅವರು ಈಗಲೂ ನಿಮ್ಮ ಕಾಲೇಜಿನ ಮಕ್ಕಳೇ, ಅವರಿಗಿನ್ನೂ ಬಾಕಿ ಪತ್ರಿಕೆ ಬರೆಯುವುದಿದೆ.